ಒಬ್ಬರೇ ಕೂತು ಓದುವವರಿಗೆ, ನೋಡುವವರಿಗೆ ಏನನ್ನು ಸೂಚಿಸಬೇಕು, ಹೇಗೆ ಸೂಚಿಸಬೇಕು

ಬಡಾವಣೆಯೊಂದರ ಸರ್ಕ್ಯುಲೇಟಿಂಗ್ ಲೈಬ್ರರಿಯಲ್ಲಿ ಹಲವು ವರ್ಷ ಮೇಜಿನ ಹಿಂದೆ ಕೂತಿದ್ದ ನನಗೆ ದಿನಕ್ಕೆ ಹತ್ತು ಸಲವಾದರೂ ಕಿವಿಗೆ ಬೀಳುತ್ತಿದ್ದ ಮಾತು ಒಂದೇ: ‘ಯಾವುದಾದರೂ ಚೆನ್ನಾಗಿರೋದು ಇದ್ದರೆ ಕೊಡಿ.’ ಆ ಲೈಬ್ರರಿ ಬಾಗಿಲು ಹಾಕಿ ಬಹಳ ಕಾಲವಾಯಿತು. ಮಾತು ಮಾತ್ರ ನಿಂತಿಲ್ಲ. ಈಗ ಅದು ವಾಟ್ಸಾಪಿನಲ್ಲಿ ಬರುತ್ತದೆ, ಕಾದಂಬರಿಯ ಜೊತೆಗೆ ಸಿನಿಮಾ, ವೆಬ್ ಸರಣಿಗಳೂ ಸೇರಿಕೊಂಡಿವೆ. ಹೀಗೆ ಕೇಳುವವರಲ್ಲಿ ಹೆಚ್ಚಿನವರು ಒಬ್ಬರೇ ಇರುವವರು ಎಂಬುದನ್ನು ನಾನು ಗಮನಿಸಿದ್ದು ತಡವಾಗಿ. ಪಿ.ಜಿ. ಕೋಣೆಯಲ್ಲಿ ಮೊದಲ ನೌಕರಿಯ ದಿನಗಳನ್ನು ಕಳೆಯುತ್ತಿರುವ ಹುಡುಗ, ಮಕ್ಕಳು ಪರದೇಶಕ್ಕೆ ಹೋದ ಮೇಲೆ ಮೂರು ಕೋಣೆಯ ಮನೆಯಲ್ಲಿ ಒಂದೇ ದೀಪ ಹಾಕಿಕೊಳ್ಳುವ ತಾಯಿ, ರಾತ್ರಿ ಪಾಳಿ ಮುಗಿಸಿ ಊರೆಲ್ಲ ಕೆಲಸಕ್ಕೆ ಹೊರಡುವ ಹೊತ್ತಿಗೆ ಮನೆ ಸೇರುವ ನರ್ಸ್, ಇಂಥವರಿಗೆ ‘ಈ ವರ್ಷದ ಹತ್ತು ಅತ್ಯುತ್ತಮ ಚಿತ್ರಗಳು’ ಎಂಬ ಪಟ್ಟಿಯನ್ನು ಕಳಿಸಿ ಕೈತೊಳೆದುಕೊಂಡರೆ ಪ್ರಯೋಜನವಿಲ್ಲ. ಒಬ್ಬರೇ ಸವಿಯಲೆಂದು ಒಂದು ಕೃತಿಯನ್ನು ಆರಿಸಿಕೊಡುವುದು ಬೇರೆಯೇ ಕಸುಬು. ಅದರಲ್ಲಿ ತಪ್ಪು ಮಾಡಿ ಮಾಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯ ತಪ್ಪು ಎಲ್ಲರೂ ಮಾಡುವಂಥದು. ನಮಗೆ ಹಿಡಿಸಿದ್ದನ್ನು ಥಟ್ಟನೆ ಹೇಳಿಬಿಡುತ್ತೇವೆ. ಅದು ಹಿಡಿಸಿದಾಗ ನಮ್ಮ ಅಕ್ಕಪಕ್ಕ ಯಾರಿದ್ದರು ಎಂಬುದನ್ನು ಮರೆತಿರುತ್ತೇವೆ. 2022ರಲ್ಲಿ ‘ಕಾಂತಾರ’ವನ್ನು ತುಂಬಿದ ಚಿತ್ರಮಂದಿರದಲ್ಲಿ ನೋಡಿದವರಿಗೆ ಕೊನೆಯ ದೃಶ್ಯದ ಕೂಗು ಎದೆಗೆ ಬಡಿದದ್ದು ಇನ್ನೂ ನೆನಪಿರುತ್ತದೆ. ಆ ಅನುಭವದಲ್ಲಿ ಅರ್ಧ ಪಾಲು ಧ್ವನಿವರ್ಧಕಗಳದ್ದು, ಉಸಿರು ಬಿಗಿಹಿಡಿದು ಕೂತಿದ್ದ ನೂರಾರು ಜನರದ್ದು. ಅದನ್ನೇ ಅಂಗೈಯಗಲದ ಮೊಬೈಲಿನಲ್ಲಿ, ಪಕ್ಕದ ಹಾಸಿಗೆಯವನಿಗೆ ಎಚ್ಚರವಾಗದಿರಲಿ ಎಂದು ಸದ್ದು ತಗ್ಗಿಸಿಕೊಂಡು ನೋಡುವವನಿಗೆ ದಕ್ಕುವುದು ಉಳಿದರ್ಧ ಮಾತ್ರ. ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ದ (1977) ಪಾಡು ಇದಕ್ಕೆ ತಿರುವುಮುರುವು. ನಾಲ್ಕು ಜನ ಕೂತ ಹಜಾರದಲ್ಲಿ ಒಬ್ಬರು ಕಾಫಿಗೆಂದು ಎದ್ದರೆ, ಇನ್ನೊಬ್ಬರು ಫೋನ್ ತೆಗೆದರೆ, ಆ ಕಪ್ಪು ಬಿಳುಪು ಚಿತ್ರದ ಮೌನ ಒಡೆದುಹೋಗುತ್ತದೆ. ನಾಣಿ ಎಂಬ ಪುಟ್ಟ ಹುಡುಗನ ಕಣ್ಣಿನಿಂದ ಯಮುನಕ್ಕನ ಸಂಕಟವನ್ನು ಕಾಣಬೇಕಾದ ಆ ಚಿತ್ರಕ್ಕೆ, ನೋಡುವವರೂ ಆ ಹುಡುಗನ ಹಾಗೆ ಒಬ್ಬರೇ ಆಗಿದ್ದರೆ ಒಳ್ಳೆಯದು. ಆದ್ದರಿಂದ ಹೆಸರು ಹೇಳುವ ಮುನ್ನ, ಇದನ್ನು ಯಾರೂ ಜೊತೆಗಿಲ್ಲದಾಗ ನೋಡಿದ್ದೇನೆಯೇ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಇಲ್ಲವಾದರೆ ಒಮ್ಮೆ ಹಾಗೆ ನೋಡಿ, ಆಮೇಲೆ ಹೇಳಿ.

ಇಷ್ಟವನ್ನು ಕೇಳಬೇಡಿ, ಹೊತ್ತನ್ನು ಕೇಳಿ

‘ನಿಮಗೆ ಎಂಥದು ಇಷ್ಟ?’ ಎಂಬ ಪ್ರಶ್ನೆಗೆ ಉಪಯೋಗಕ್ಕೆ ಬರುವಂಥ ಉತ್ತರ ಸಿಕ್ಕಿದ್ದನ್ನು ನಾನು ಕಂಡಿಲ್ಲ. ಎದುರಿನವರ ಮುಂದೆ ಮರ್ಯಾದೆ ಉಳಿಸಿಕೊಳ್ಳಲು ಜನ ಕಾರಂತರ ಹೆಸರನ್ನೋ ಭೈರಪ್ಪನವರ ಹೆಸರನ್ನೋ ಹೇಳುತ್ತಾರೆ; ಚೀಲಕ್ಕೆ ಹಾಕಿಕೊಂಡು ಹೋಗುವುದು ಪತ್ತೇದಾರಿ ಕಾದಂಬರಿಯನ್ನು. ಅದರಲ್ಲಿ ತಪ್ಪೇನೂ ಇಲ್ಲ, ಆದರೆ ಸೂಚಿಸುವವರಿಗೆ ದಾರಿ ತಪ್ಪುತ್ತದೆ. ಹಾಗಾಗಿ ಯಾವ ಹೊತ್ತಿನಲ್ಲಿ ಕೂರುತ್ತೀರಿ, ಎಷ್ಟು ಹೊತ್ತು ಕೂರುತ್ತೀರಿ, ಆಗ ಕೈಯಲ್ಲಿ ಬೇರೆ ಕೆಲಸವಿರುತ್ತದೆಯೇ, ಪಕ್ಕದ ಕೋಣೆಯಲ್ಲಿ ಯಾರಾದರೂ ಮಲಗಿರುತ್ತಾರೆಯೇ ಎಂದು ಕೇಳಿ. ಕೊನೆಗೆ, ಈಚೆಗೆ ಯಾವುದನ್ನು ಅರ್ಧಕ್ಕೆ ಬಿಟ್ಟಿರಿ ಎಂದೂ ಕೇಳಿ. ಮುಗಿಸಿದ ಪುಸ್ತಕದ ಬಗ್ಗೆ ಜನ ನಾಜೂಕಾಗಿ ಮಾತಾಡುತ್ತಾರೆ, ಬಿಟ್ಟ ಪುಸ್ತಕದ ಬಗ್ಗೆ ನಿಜ ಹೇಳುತ್ತಾರೆ.

ಇದನ್ನು ನಾನು ಕಲಿತದ್ದು ಚಿಕ್ಕಮ್ಮನಿಂದ. ಚಿಕ್ಕಪ್ಪ ತೀರಿಕೊಂಡ ಮೇಲೆ ಒಂದು ದಿನ ಫೋನ್ ಮಾಡಿ, ಏನಾದರೂ ಓದುವುದಕ್ಕೆ ಕಳಿಸು ಎಂದರು. ಹಿಂದೆಲ್ಲ ದಪ್ಪ ದಪ್ಪ ಕಾದಂಬರಿಗಳನ್ನು ಎರಡು ದಿನದಲ್ಲಿ ಮುಗಿಸುತ್ತಿದ್ದವರು ಎಂಬ ಲೆಕ್ಕದಲ್ಲಿ ನಾನು ‘ಪರ್ವ’ವನ್ನು ಕಳಿಸಿಕೊಟ್ಟೆ. ಎರಡು ತಿಂಗಳ ನಂತರ ಅವರ ಮನೆಗೆ ಹೋದಾಗ ಅದು ಟಿವಿಯ ಪಕ್ಕ, ಬಂದ ಲಕೋಟೆಯಲ್ಲಿ ಬಂದ ಹಾಗೆಯೇ ಇತ್ತು. ನಾನು ಪುಸ್ತಕದ ಮಾತೆತ್ತದೆ, ದಿನದಲ್ಲಿ ಯಾವ ಹೊತ್ತು ಕಷ್ಟವಾಗುತ್ತದೆ ಎಂದು ಕೇಳಿದೆ. ‘ಹಗಲು ಹೇಗೋ ಕಳೆಯತ್ತೆ. ರಾತ್ರಿ ತಟ್ಟೆ ಹಾಕಿಕೊಂಡು ಕೂತಾಗ ಎದುರಿಗೆ ಯಾರೂ ಇರಲ್ಲವಲ್ಲ, ಅದೇ’ ಎಂದರು. ಊಟ ಮಾಡುವ ಕೈಗೆ ಪುಸ್ತಕ ಒಗ್ಗುವುದಿಲ್ಲ. ಅವರಿಗೆ ಬೇಕಾದದ್ದು ಊಟದಷ್ಟೇ ಉದ್ದದ, ಊಟದ ಜೊತೆಗೇ ಮುಗಿಯುವ ಏನೋ ಒಂದು. ಮರುದಿನಕ್ಕೆ ಬಾಕಿ ಉಳಿಸದಂಥದು.

ನನಗೆ ಹೊಳೆದದ್ದು ‘ಮಾಲ್ಗುಡಿ ಡೇಸ್’. ಆರ್.ಕೆ. ನಾರಾಯಣರ ಕತೆಗಳನ್ನು ಶಂಕರ್ ನಾಗ್ ಆಗುಂಬೆಯ ಬೀದಿಗಳಲ್ಲಿ ಚಿತ್ರೀಕರಿಸಿದ್ದು, 1986ರಲ್ಲಿ ದೂರದರ್ಶನದಲ್ಲಿ ಬರತೊಡಗಿದ್ದು ಅನೇಕರಿಗೆ ಗೊತ್ತು. ಕಂತು ಸುಮಾರು ಇಪ್ಪತ್ತರಿಂದ ಇಪ್ಪತ್ತೈದು ನಿಮಿಷದ್ದು, ಹೆಚ್ಚಿನ ಕತೆಗಳು ಒಂದೇ ಕಂತಿಗೆ ಮುಗಿಯುತ್ತವೆ. ಮಾತು ಹಿಂದಿಯಾದರೂ ಮುಖಗಳು ನಮ್ಮವು, ಹೆಂಚು ನಮ್ಮದು, ಮಳೆ ನಮ್ಮದು. ಸ್ವಾಮಿಯ ಅಪ್ಪನಾಗಿ ಗಿರೀಶ್ ಕಾರ್ನಾಡರು ಗದರಿಸುವಾಗ ಚಿಕ್ಕಮ್ಮನಿಗೆ ಭಾಷೆಯ ತೊಡಕೇನೂ ಕಾಣಲಿಲ್ಲ. ನಾನು ಮತ್ತೆ ಹೋದಾಗ ಅವರು ಸ್ಟೀಲ್ ಚೊಂಬಿಗೆ ಫೋನನ್ನು ಒರಗಿಸಿ, ಅದು ಜಾರದಂತೆ ಉಪ್ಪಿನಕಾಯಿ ಭರಣಿಯನ್ನು ಅಡ್ಡ ಇಟ್ಟುಕೊಂಡು ಊಟಕ್ಕೆ ಕೂತಿದ್ದರು. ‘ಮಜ್ಜಿಗೆ ಅನ್ನಕ್ಕೆ ಬರೋ ಹೊತ್ತಿಗೆ ಸರಿಯಾಗಿ ಕತೆ ಮುಗಿಯತ್ತೆ ನೋಡು’ ಎಂದರು. ಅದಕ್ಕಿಂತ ದೊಡ್ಡ ವಿಮರ್ಶೆಯನ್ನು ನಾನು ಓದಿಲ್ಲ.

ಹೊತ್ತಿನ ಜೊತೆಗೆ ಕಣ್ಣು, ಕಿವಿ, ಕೈಗಳ ಲೆಕ್ಕವನ್ನೂ ಹಾಕಬೇಕು. ತರಕಾರಿ ಹೆಚ್ಚುತ್ತ, ಬಟ್ಟೆ ಮಡಚುತ್ತ ನೋಡುವವರಿಗೆ ಸಬ್‌ಟೈಟಲ್ ಓದಬೇಕಾದ ಚಿತ್ರವನ್ನು ಹೇಳಿದರೆ ಎರಡೂ ಕೆಡುತ್ತವೆ. ಅವರಿಗೆ ಮಾತೇ ಮುಖ್ಯವಾದ ಧಾರಾವಾಹಿ ಅಥವಾ ಕೇಳುಪುಸ್ತಕ ಲೇಸು. ಮಗುವನ್ನು ಮಲಗಿಸಿ, ಸದ್ದಿಲ್ಲದೆ ಕತ್ತಲಲ್ಲಿ ಕೂರುವ ತಾಯಿಗೆ ಸಿಂಗೀತಂ ಶ್ರೀನಿವಾಸರಾಯರ ‘ಪುಷ್ಪಕ ವಿಮಾನ’ (1987) ಹೇಳಿ ಮಾಡಿಸಿದಂತಿದೆ. ಅದರಲ್ಲಿ ಒಂದೂ ಸಂಭಾಷಣೆಯಿಲ್ಲ, ಸದ್ದನ್ನು ಪೂರ್ತಿ ತಗ್ಗಿಸಿದರೂ ಕತೆ ಕೈಬಿಡುವುದಿಲ್ಲ. ಆದರೆ ಕಣ್ಣನ್ನು ಒಂದು ಕ್ಷಣವೂ ತೆಗೆಯುವಂತಿಲ್ಲ. ನಗು ತಡೆಯುವುದು ಮಾತ್ರ ಅವರವರ ಜವಾಬ್ದಾರಿ.

ಏಕಾಂತ ಬೇರೆ, ಒಂಟಿತನ ಬೇರೆ

ಕನ್ನಡದಲ್ಲಿ ಈ ಎರಡಕ್ಕೂ ಬೇರೆ ಬೇರೆ ಮಾತಿರುವುದು ಸೂಚಿಸುವವರ ಪುಣ್ಯ. ಬೇಕೆಂದು ಬಾಗಿಲು ಹಾಕಿಕೊಂಡದ್ದು ಏಕಾಂತ, ಬೇಡವೆಂದರೂ ಬಂದು ಕೂತದ್ದು ಒಂಟಿತನ. ಕೇಳುತ್ತಿರುವವರು ಯಾವುದರಲ್ಲಿದ್ದಾರೆ ಎಂದು ತಿಳಿಯದೆ ಪುಸ್ತಕ ಕೊಡುವುದು ನಾಡಿ ನೋಡದೆ ಕಷಾಯ ಕೊಟ್ಟ ಹಾಗೆ. ನಾನು ಕೊಟ್ಟಿದ್ದೇನೆ. ಪಕ್ಕದ ರಸ್ತೆಯ ಪಿ.ಜಿ.ಯಲ್ಲಿದ್ದ ಹುಡುಗನೊಬ್ಬ, ಊರು ಬಿಟ್ಟು ಬಂದು ತಿಂಗಳೂ ಆಗಿರಲಿಲ್ಲ, ಪ್ರೊಬೇಷನ್ನಿನಲ್ಲಿ ಮ್ಯಾನೇಜರಿನ ಕಾಟ ಬೇರೆ. ನಗರದಲ್ಲಿ ಒಬ್ಬನೇ ಇರುವವನಿಗೆ ನಗರದಲ್ಲಿ ಒಬ್ಬನೇ ಇರುವವನ ಕತೆ ಹಿತವಾದೀತು ಎಂಬ ಹುಸಿ ತರ್ಕದಲ್ಲಿ ಯಶವಂತ ಚಿತ್ತಾಲರ ‘ಶಿಕಾರಿ’ಯನ್ನು (1979) ಕೈಗಿಟ್ಟೆ. ಮುಂಬಯಿಯಲ್ಲಿ ಕಂಪನಿಯಿಂದ ಸಸ್ಪೆಂಡ್ ಆದ ನಾಗಪ್ಪ, ತನ್ನ ಸುತ್ತ ಯಾರು ಯಾವ ಬಲೆ ಹೆಣೆಯುತ್ತಿದ್ದಾರೆ ಎಂದು ಪ್ರತಿಯೊಬ್ಬರನ್ನೂ ಶಂಕಿಸುತ್ತ ಹೋಗುವ ಕಾದಂಬರಿ ಅದು. ಕನ್ನಡದ ಬಹು ದೊಡ್ಡ ಕಾದಂಬರಿಗಳಲ್ಲಿ ಒಂದು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಹುಡುಗ ಮೂರು ದಿನದಲ್ಲಿ ಅದನ್ನು ತಂದು ಮೇಜಿನ ಮೇಲಿಟ್ಟು, ‘ಓದಿದರೆ ನಿದ್ದೆ ಬರ್ತಿಲ್ಲ’ ಎಂದ. ಒಂದು ಬಸ್ ಟಿಕೆಟ್ಟು ನೂರರ ಆಸುಪಾಸಿನ ಪುಟದಲ್ಲಿ ಸಿಕ್ಕಿಕೊಂಡಿತ್ತು.

ಒಂಟಿತನ ಕಾಡುವವರಿಗೆ ಜನ ತುಂಬಿರುವ ಪುಸ್ತಕ ಕೊಡಬೇಕು. ಅವನಿಗೆ ಆಮೇಲೆ ಕೊಟ್ಟದ್ದು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೋ’ (1980). ಜೇನು ಹಿಡಿಯುವ ಮಂದಣ್ಣ, ಹಾರುವ ಓತಿಯ ಬೆನ್ನು ಹತ್ತಿದ ವಿಜ್ಞಾನಿ, ಬಿರಿಯಾನಿ ಕರಿಯಪ್ಪ, ಕಿವಿ ಎಂಬ ನಾಯಿ, ಇಷ್ಟು ಜನರ ಜೊತೆ ಕಾಡು ಅಲೆದು ಬಂದವನು ಕೋಣೆಗೆ ಮರಳಿದಾಗ ಕೋಣೆ ಅಷ್ಟೊಂದು ಖಾಲಿ ಅನಿಸುವುದಿಲ್ಲ. ಇಂಥವರಿಗೆ ದೀರ್ಘ ಧಾರಾವಾಹಿಯೂ ಆಗುತ್ತದೆ. ಟಿ.ಎನ್. ಸೀತಾರಾಮ್ ಅವರ ‘ಮಾಯಾಮೃಗ’, ‘ಮುಕ್ತ’ದಂಥವು ಎಳೆದಷ್ಟೂ ಮುಗಿಯುವುದಿಲ್ಲ ಎಂದು ಕೆಲವರು ಮೂಗು ಮುರಿಯಬಹುದು, ಒಂಟಿಯಾಗಿರುವವರಿಗೆ ಅದೇ ಅವುಗಳ ಗುಣ. ದಿನಾ ಸಂಜೆ ಗೊತ್ತಿರುವ ನಾಲ್ಕು ಮುಖಗಳು ಮನೆಗೆ ಬಂದು ಹೋಗುತ್ತವೆ. ದೂರದ ಹಳ್ಳಿಗೆ ಪಿ.ಡಿ.ಒ. ಆಗಿ ಹೋದ ನಮ್ಮ ಪರಿಚಯದ ಹುಡುಗಿಗೆ ನಾನು ಸೂಚಿಸಿದ್ದು ಹಿಂದಿಯ ‘ಪಂಚಾಯತ್’ (2020): ಓದು ಮುಗಿಸಿದ ಯುವಕನೊಬ್ಬ ಉತ್ತರಪ್ರದೇಶದ ಫುಲೇರಾ ಎಂಬ ಹಳ್ಳಿಯಲ್ಲಿ ಪಂಚಾಯಿತಿ ಕಾರ್ಯದರ್ಶಿಯಾಗಿ, ಆಫೀಸಿನ ಕೋಣೆಯಲ್ಲೇ ಒಬ್ಬನೇ ವಾಸ ಹೂಡುವ ಕತೆ. ಇದೂ ಒಂಟಿಯ ಕತೆಯೇ ಅಲ್ಲವೇ ಎಂದು ನೀವು ಕೇಳಬಹುದು. ಹೌದು, ಆದರೆ ಇಲ್ಲಿ ಊರಿನವರು ಅವನನ್ನು ಒಂಟಿಯಾಗಿರಲು ಬಿಡುವುದಿಲ್ಲ. ವ್ಯತ್ಯಾಸ ಇರುವುದೇ ಅಲ್ಲಿ.

ಏಕಾಂತವನ್ನು ತಾವೇ ಬಯಸಿ ರಜೆ ಹಾಕಿದವರು, ಮಕ್ಕಳನ್ನು ಅಜ್ಜಿಯ ಮನೆಗೆ ಕಳಿಸಿ ನಾಲ್ಕು ದಿನ ಗಳಿಸಿಕೊಂಡವರು ಬಂದರೆ ಧಾರಾಳವಾಗಿ ದೊಡ್ಡದನ್ನೇ ಹೇಳಿ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಬಿಡುವಿಲ್ಲದ ದಿನಗಳಲ್ಲಿ ಹತ್ತತ್ತು ಪುಟದಂತೆ ಓದುವ ಕೃತಿಯಲ್ಲ, ಅದಕ್ಕೆ ಇಡೀ ಮಧ್ಯಾಹ್ನಗಳು ಬೇಕು. ಆದರೆ ಬರಿಗೈಯಲ್ಲಿ ಕಳಿಸಬೇಡಿ. ಹತ್ತೊಂಬತ್ತನೆಯ ಶತಮಾನದ ಕೊನೆಯ ಮಲೆನಾಡು, ಹತ್ತಾರು ಮನೆಗಳು, ಹಟ್ಟಿಗಳು, ಲೆಕ್ಕ ತಪ್ಪಿಸುವಷ್ಟು ಹೆಸರುಗಳು. ಮೊದಲ ನೂರು ಪುಟಗಳಲ್ಲಿ ಅನೇಕರು ಸೋತು ನಿಲ್ಲುತ್ತಾರೆ. ‘ಸದ್ಯಕ್ಕೆ ಗುತ್ತಿಯನ್ನೂ ಅವನ ನಾಯಿ ಹುಲಿಯನನ್ನೂ ಹಿಂಬಾಲಿಸಿ, ಉಳಿದವರು ತಾವಾಗಿ ಪರಿಚಯವಾಗುತ್ತಾರೆ, ಒಂದು ಚೀಟಿಯಲ್ಲಿ ಯಾವ ಮನೆಯವರು ಯಾರು ಎಂದು ಬರೆದುಕೊಳ್ಳಿ’ ಎಂದು ಹೇಳಿ ಕಳಿಸಿದವರಲ್ಲಿ ಹೆಚ್ಚಿನವರು ಅದನ್ನು ಮುಗಿಸಿಯೇ ಬಂದಿದ್ದಾರೆ. ಒಬ್ಬರೇ ಓದುವವರಿಗೆ ಪಕ್ಕದಲ್ಲಿ ಕೇಳಲು ಯಾರೂ ಇರುವುದಿಲ್ಲ. ಆ ಕೈಚೀಟಿಯನ್ನು ಮೊದಲೇ ಕೊಡುವುದು ನಮ್ಮ ಕೆಲಸ.

ತೆಳ್ಳಗಿನ ಪುಸ್ತಕಗಳ ಅಪಾಯ ಬೇರೆ ಥರದ್ದು. ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ಒಂದೇ ಸಂಜೆಗೆ ಮುಗಿಯುತ್ತದೆ, ಆದರೆ ಕೊನೆಯಲ್ಲಿ ಏನಾಯಿತು ಎಂಬುದನ್ನು ಬಿಡಿಸಿ ಹೇಳದೆ ನಿಲ್ಲುತ್ತದೆ. ಹಾಗೆ ನಿಲ್ಲುವ ಕೃತಿಯನ್ನು ಸೂಚಿಸಿದ ರಾತ್ರಿ ನಿಮ್ಮ ಫೋನು ಎಚ್ಚರವಾಗಿರಲಿ. ಓದಿ ಮುಗಿಸಿದವರಿಗೆ ತಕ್ಷಣ ಯಾರಾದರೂ ಬೇಕಾಗುತ್ತಾರೆ, ಸೂಚಿಸಿದವರೇ ಅದಕ್ಕೆ ಹೊಣೆ. ಇದೇ ಕಾರಣಕ್ಕೆ ಇದು ದೂರದಲ್ಲಿರುವ ಇಬ್ಬರಿಗೆ ಒಟ್ಟಿಗೆ ಕೊಡಲು ಒಳ್ಳೆಯ ಪುಸ್ತಕ. ಕನ್ನಡ ಓದಲು ಬಾರದ, ಅಮೆರಿಕದಲ್ಲಿ ಬೆಳೆದ ಮೊಮ್ಮಗಳು ಶ್ರೀನಾಥ್ ಪೆರೂರ್ ಅವರ ಇಂಗ್ಲಿಷ್ ಅನುವಾದವನ್ನು ಓದಲಿ, ಮೈಸೂರಿನ ಅಜ್ಜ ಮೂಲವನ್ನು ಓದಲಿ; ಭಾನುವಾರದ ವಿಡಿಯೋ ಕರೆಯಲ್ಲಿ ‘ಊಟ ಆಯ್ತಾ’ ಎಂಬುದರ ಆಚೆಗೆ ಮಾತು ಹೋಗುತ್ತದೆ. 2025ರಲ್ಲಿ ಬಾನು ಮುಷ್ತಾಕ್ ಅವರ ಕತೆಗಳಿಗೆ ದೀಪಾ ಭಾಸ್ತಿ ಅವರ ಅನುವಾದದ ಮೂಲಕ ಅಂತರರಾಷ್ಟ್ರೀಯ ಬುಕರ್ ಬಹುಮಾನ ಬಂದ ಮೇಲೆ ಇಂಥ ಜೋಡಿ ಓದಿಗೆ ಇನ್ನೊಂದು ದಾರಿ ತೆರೆದಿದೆ.

ರಾತ್ರಿ ಪಾಳಿಯ ನರ್ಸಿನ ವಿಷಯ ಬಾಕಿ ಉಳಿಯಿತು. ಅವರಿಗೆ ಒಗ್ಗಿದ್ದು ಜಪಾನಿನ ‘ಮಿಡ್‌ನೈಟ್ ಡೈನರ್’ ಸರಣಿ. ಟೋಕಿಯೋದ ಗಲ್ಲಿಯೊಂದರಲ್ಲಿ ನಡುರಾತ್ರಿಗೆ ಬಾಗಿಲು ತೆರೆಯುವ ಪುಟ್ಟ ಖಾನಾವಳಿ, ಕಂತಿಗೊಂದು ಅಡುಗೆ, ಆ ಅಡುಗೆಯನ್ನು ಕೇಳಿ ಬರುವವರ ಕತೆ. ಎಲ್ಲರೂ ಮಲಗಿದಾಗ ಎಚ್ಚರವಿರುವವರ ಲೋಕವೊಂದು ಬೇರೆ ಕಡೆಯೂ ಇದೆ ಎಂಬುದು ಅವರಿಗೆ ಸಮಾಧಾನ ಕೊಟ್ಟಿತಂತೆ. ಮೀನು ಮಾಂಸವನ್ನು ಬಲು ಹತ್ತಿರದಿಂದ ತೋರಿಸುತ್ತಾರೆ. ಚಿಕ್ಕಮ್ಮನಿಗೆ ಇದನ್ನು ಹೇಳುವ ಧೈರ್ಯ ನನಗೆ ಆಗಲಿಲ್ಲ.

ಗಾಯವನ್ನು ಹೇಳಿ, ಕತೆಯನ್ನು ಹೇಳಬೇಡಿ

ಜೊತೆಯಲ್ಲಿ ಯಾರಾದರೂ ಇದ್ದರೆ ಭಯವೂ ಅಳುವೂ ಹಂಚಿಹೋಗುತ್ತವೆ. ಒಬ್ಬರೇ ಇದ್ದಾಗ ಅಷ್ಟನ್ನೂ ಒಬ್ಬರೇ ಹೊರಬೇಕು. ಲೈಬ್ರರಿಯ ಕಾಲದಲ್ಲಿ ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ವನ್ನು ಒಯ್ದು ಮರುದಿನ ಬೆಳಿಗ್ಗೆಯೇ ಹಿಂತಿರುಗಿಸಿದವರಿದ್ದರು, ಆ ಮಾಟಮಂತ್ರದ ಕಾದಂಬರಿ ಮನೆಯಲ್ಲಿರುವುದೇ ಬೇಡ ಎನ್ನುತ್ತಿದ್ದರು. ಆಗಿನಿಂದ, ರಾತ್ರಿ ಒಬ್ಬರೇ ಮಲಗುವಿರಾ ಎಂದು ಕೇಳದೆ ಯಾರಿಗೂ ಅದನ್ನು ಕೊಡುತ್ತಿರಲಿಲ್ಲ.

ಕತೆಯ ಗುಟ್ಟು ಬಿಡದೆ ಎಚ್ಚರಿಸುವುದು ಕಷ್ಟವಲ್ಲ. ಇದರಲ್ಲಿ ಸಾವಿದೆ ಎನ್ನಿ, ಯಾರದೆಂದು ಹೇಳಬೇಡಿ. ಮನೆಯಲ್ಲಿ ಮರೆವಿನ ಕಾಯಿಲೆಯ ಹಿರಿಯರನ್ನು ನೋಡಿಕೊಳ್ಳುತ್ತಿರುವವರಿಗೆ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ (2016) ಹೇಳುವುದಾದರೆ, ಅನಂತ್ ನಾಗ್ ಅವರ ಪಾತ್ರ ಅದೇ ಕಾಯಿಲೆಯಿಂದ ಕಾಣೆಯಾಗುತ್ತದೆ ಎಂಬುದನ್ನು ಮುಚ್ಚಿಡಬೇಡಿ. ನಾಯಿ ಸಾಕಿದವರಿಗೆ ‘777 ಚಾರ್ಲಿ’ (2022) ಹೇಳುವಾಗ ಕರವಸ್ತ್ರದ ಮಾತು ಸೇರಿಸಿ, ಅಷ್ಟು ಸಾಕು. ಕಾರಂತರ ‘ಬೆಟ್ಟದ ಜೀವ’ (1943) ಕಾಡಿನ ನಡುವೆ ಬಾಳಿದ ವೃದ್ಧ ದಂಪತಿಯ ಅಕ್ಕರೆಯ ಕತೆಯೆಂದು ನಾವು ನೆನಪಿಟ್ಟುಕೊಂಡಿರುತ್ತೇವೆ; ಅವರು ದೂರ ಹೋದ ಮಗನ ದಾರಿ ಕಾಯುತ್ತಿದ್ದಾರೆ ಎಂಬುದು, ಮಗ ಪರದೇಶದಲ್ಲಿರುವ ತಂದೆಯ ಕೈಗೆ ಕೊಟ್ಟ ಮೇಲೆ ನೆನಪಾಗುತ್ತದೆ. ಆದರೆ ಎಲ್ಲರನ್ನೂ ಎಲ್ಲದರಿಂದಲೂ ಕಾಪಾಡಬೇಕೆಂದೂ ಇಲ್ಲ. ನೋವನ್ನು ಓದಿಯೇ ಹಗುರಾಗುವವರು ಇರುತ್ತಾರೆ. ತಿಳಿಸಿ, ಆಯ್ಕೆ ಅವರಿಗೆ ಬಿಡಿ.

ಒಬ್ಬರೇ ನೋಡಿದರೆ ಮಾತ್ರ ನೋಡಲಾಗುವಂಥವೂ ಇವೆ. ಮಂಸೋರೆ ಅವರ ‘ನಾತಿಚರಾಮಿ’ (2018) ಗಂಡನನ್ನು ಕಳೆದುಕೊಂಡ ಯುವತಿಯ ಮೈಮನಸ್ಸಿನ ಬಯಕೆಯ ಬಗ್ಗೆ ಅಡಗಿಸದೆ ಮಾತಾಡುತ್ತದೆ. ಅತ್ತೆ ಮಾವ ಕೂತ ಹಜಾರದಲ್ಲಿ ಅದು ರಿಮೋಟಿಗೆ ಬಲಿಯಾಗುತ್ತದೆ. ಅಂಥದನ್ನು ಮನೆಮಂದಿಯ ವಾಟ್ಸಾಪ್ ಗುಂಪಿನಲ್ಲಿ ಹಾಕದೆ, ಬೇಕಾದವರೊಬ್ಬರಿಗೇ, ‘ಇಯರ್‌ಫೋನ್ ಹಾಕಿಕೊಂಡು ನೋಡು’ ಎಂದು ಕಳಿಸುವುದು ಸೂಕ್ಷ್ಮ.

ಹೇಳುವ ರೀತಿ

ಒಂದೇ ಹೆಸರು ಹೇಳಿ. ಹತ್ತು ಹೆಸರು ಕಳಿಸಿದರೆ ಆರಿಸುವ ಭಾರವನ್ನು ಕೇಳಿದವರ ತಲೆಗೇ ಹಿಂತಿರುಗಿಸಿದಂತೆ. ಯಾಕೆ ಅವರಿಗೆ, ಯಾವಾಗ, ಎಲ್ಲಿ ಸಿಗುತ್ತದೆ, ಏನು ಎಚ್ಚರ, ಇಷ್ಟನ್ನು ನಾಲ್ಕು ಸಾಲಿನಲ್ಲಿ ಬರೆಯಿರಿ. ಚಿಕ್ಕಮ್ಮನಿಗೆ ನಾನು ಕಳಿಸಿದ ಸಂದೇಶ ಹೀಗಿತ್ತು: ‘ಚಿಕ್ಕಮ್ಮ, ರಾತ್ರಿ ಊಟದ ಹೊತ್ತಿಗೆ ಮಾಲ್ಗುಡಿ ಡೇಸ್ ನೋಡಿ. ಒಂದು ದಿನಕ್ಕೆ ಒಂದೇ ಕತೆ. ಹಿಂದಿ ಇದೆ, ಆದರೆ ಎಲ್ಲ ಆಗುಂಬೆಯಲ್ಲಿ ತೆಗೆದದ್ದು, ನಿಮಗೆ ಅರ್ಥವಾಗುತ್ತದೆ. ಸ್ವಾಮಿಯ ಕತೆಗಳಿಂದ ಶುರು ಮಾಡಿ. ಹಿಡಿಸದಿದ್ದರೆ ಬಿಟ್ಟುಬಿಡಿ, ನಾನು ಕೇಳುವುದಿಲ್ಲ.’

ಕಳಿಸುವ ಮುನ್ನ ಅದು ನಿಜವಾಗಿ ಸಿಗುತ್ತದೆಯೇ ಎಂದು ನೀವೇ ನೋಡಿ. ಹಳೆಯ ಕಾದಂಬರಿಗಳು ಎಷ್ಟೋ ಸಲ ಮುದ್ರಣದಲ್ಲಿರುವುದಿಲ್ಲ, ಒ.ಟಿ.ಟಿ.ಯಲ್ಲಿ ಕಳೆದ ತಿಂಗಳಿದ್ದ ಚಿತ್ರ ಈ ತಿಂಗಳು ಇರುವುದಿಲ್ಲ, ಇಲ್ಲಿ ಕಾಣುವುದು ಲಂಡನ್ನಿನಲ್ಲಿರುವವರಿಗೆ ಕಾಣದಿರಬಹುದು. ಹುಡುಕಿ ಸಿಗದಿದ್ದರೆ ಒಬ್ಬರೇ ಇರುವವರ ಉತ್ಸಾಹ ಅಲ್ಲಿಗೇ ಆರಿಹೋಗುತ್ತದೆ, ‘ಇರಲಿ, ಬೇರೆ ನೋಡೋಣ’ ಎನ್ನಲು ಪಕ್ಕದಲ್ಲಿ ಇನ್ನೊಬ್ಬರಿಲ್ಲ.

‘ನಾನು ಕೇಳುವುದಿಲ್ಲ’ ಎಂದದ್ದನ್ನು ಪಾಲಿಸಲೂ ಬೇಕು. ಓದಿದಿರಾ, ನೋಡಿದಿರಾ ಎಂದು ವಾರ ವಾರ ಕೇಳಿದರೆ ಪುಸ್ತಕವು ಸಾಲವಾಗುತ್ತದೆ, ಸಾಲಗಾರರು ಕಂಡ ಕಡೆ ತಪ್ಪಿಸಿಕೊಳ್ಳುತ್ತಾರೆ. ಓದದೆ ಹಿಂತಿರುಗಿ ಬಂದರೆ ಮುನಿಸಿಕೊಳ್ಳದೆ ಎಷ್ಟನೇ ಪುಟದಲ್ಲಿ ನಿಂತಿತು ಎಂದು ಮಾತ್ರ ನೋಡಿಕೊಳ್ಳಿ. ಪಿ.ಜಿ.ಯ ಆ ಹುಡುಗ ಈಗ ಬಾಡಿಗೆ ಮನೆ ಮಾಡಿದ್ದಾನೆ, ಕೆಲಸವೂ ಬದಲಾಗಿದೆ. ಈಚೆಗೆ ಬಂದವನು ಕಪಾಟಿನ ಮುಂದೆ ಸ್ವಲ್ಪ ಹೊತ್ತು ನಿಂತು, ‘ಆ ನಾಗಪ್ಪನ ಪುಸ್ತಕ ಇನ್ನೂ ಇದೆಯಾ?’ ಎಂದ. ತೆಗೆದುಕೊಟ್ಟೆ. ಬಸ್ ಟಿಕೆಟ್ಟು ಅದೇ ಪುಟದಲ್ಲಿತ್ತು.